ಕುರ್ಚಿಯಲ್ಲಿ ಕುಳಿತು ಲೋಕಸಂಚಾರ

ದೇಶ ಸುತ್ತು, ಇಲ್ಲವೆ ಕೋಶ ಓದು ಎಂದು ನಮ್ಮ ಹಿರಿಯರು ಎರಡೇ ದಾರಿಗಳನ್ನು ಹೇಳಿ ಹೋದರು. ಚಲಚ್ಚಿತ್ರ ಬಂದ ಮೇಲೆ ಇವೆರಡರ ನಡುವೆ ಮೂರನೆಯ ದಾರಿಯೊಂದು ತೆರೆಯಿತು. ಅಲ್ಲಿ ಕಾಲು ಸವೆಸಬೇಕಾಗಿಲ್ಲ, ಪುಟ ತಿರುವಬೇಕಾಗಿಲ್ಲ. ಟಿಕೆಟ್ಟು ಕೊಂಡು ಕತ್ತಲೆಯ ಸಭಾಂಗಣದಲ್ಲಿ ಕುಳಿತರೆ ಸಾಕು. ಸ್ವಿಟ್ಜರ್ಲೆಂಡಿನ ಹಿಮವೂ ಜಪಾನಿನ ಚೆರ್ರಿ ಹೂವೂ ತಾವಾಗಿ ಎದುರಿಗೆ ಬಂದು ನಿಲ್ಲುತ್ತವೆ. ಪ್ರವಾಸಚಿತ್ರವೆಂಬ ಈ ಬಗೆಯನ್ನು ಸಿನಿಮಾ ವಿಮರ್ಶಕರು ಸಿನಿಮಾ ಎಂದು ಗಣಿಸುವುದು ಕಡಿಮೆ. ಸಾಹಿತ್ಯದವರಿಗಂತೂ ಅದು ಸಂಬಂಧವಿಲ್ಲದ ವಸ್ತು. ಆದರೆ ಊರು ಬಿಟ್ಟು ಬಂದು ಪರಭಾಷೆಯ ನಗರಗಳಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಇದು ಬರಿಯ ಮನರಂಜನೆಯ ಮಾತಲ್ಲ. ನಮ್ಮ ಮಕ್ಕಳು ನಮ್ಮ ನಾಡನ್ನು ಯಾವ ಕಣ್ಣಿನಿಂದ ನೋಡುತ್ತಾರೆಂಬ ಪ್ರಶ್ನೆ ಇದರೊಳಗೆ ಅಡಗಿದೆ. ಆದಕಾರಣ ಸ್ವಲ್ಪ ವಿವರವಾಗಿಯೇ ನೋಡೋಣ.

ಪ್ರವಾಸಚಿತ್ರಗಳು ಒಂದು ಊರಿನ ಸಾಮೂಹಿಕ ಹಬ್ಬದಂತೆ ನಡೆದದ್ದು ಅಮೆರಿಕ ಮತ್ತು ಕೆನಡಾಗಳಲ್ಲಿ. ಅಲ್ಲಿನ ಕಿವಾನಿಸ್, ರೋಟರಿ, ಲಯನ್ಸ್ ಮೊದಲಾದ ಸೇವಾ ಸಂಸ್ಥೆಗಳು, ಕೆಲವೆಡೆ ವಸ್ತುಸಂಗ್ರಹಾಲಯಗಳು ಮತ್ತು ಕಾಲೇಜುಗಳು, ಚಳಿಗಾಲ ಸಮೀಪಿಸುತ್ತಿದ್ದಂತೆ ಇಂಥ ಚಿತ್ರಗಳ ಮಾಲೆಯೊಂದನ್ನು ಏರ್ಪಡಿಸುತ್ತಿದ್ದವು. ಇಡೀ ಋತುವಿಗೆ ಒಂದೇ ಟಿಕೆಟ್ಟು. ಒಂದೊಂದು ಸಂಜೆಗೆ ಒಂದೊಂದು ದೇಶ. ಖರ್ಚು ಕಳೆದು ಉಳಿದ ಹಣ ವಿದ್ಯಾರ್ಥಿವೇತನಕ್ಕೋ ಊರಿನ ಇನ್ನಾವುದಾದರೂ ಒಳ್ಳೆಯ ಕೆಲಸಕ್ಕೋ ಹೋಗುತ್ತಿತ್ತು. ಚಿತ್ರ ತೆಗೆದವನೇ ತನ್ನ ರೀಲುಗಳನ್ನು ಕಾರಿನಲ್ಲಿ ಹೇರಿಕೊಂಡು ಊರಿಂದೂರಿಗೆ ಬರುತ್ತಿದ್ದ. ಪರದೆಯ ಪಕ್ಕದಲ್ಲಿ ಮೈಕಿನ ಮುಂದೆ ನಿಂತು, ಓಡುವ ಚಿತ್ರಕ್ಕೆ ತಾನೇ ಮಾತು ಕೂಡಿಸುತ್ತಿದ್ದ. ನಡುವೆ ಒಂದು ವಿರಾಮ. ಕೊನೆಗೆ ಜನ ಅವನ ಸುತ್ತ ನೆರೆದು ಪ್ರಶ್ನೆ ಕೇಳುವುದು, ಅವನು ಉತ್ತರ ಹೇಳುವುದು.

ಇದು ಸಾಧ್ಯವಾದದ್ದು ಫಿಲ್ಮು ಹಗುರವಾದದ್ದರಿಂದ. ಕೊಡಕ್ ಕಂಪನಿ ೧೬ ಮಿಲಿಮೀಟರ್ ಫಿಲ್ಮನ್ನು ೧೯೨೩ರಲ್ಲಿಯೂ, ಕೊಡಕ್ರೋಮ್ ಎಂಬ ಬಣ್ಣದ ಫಿಲ್ಮನ್ನು ೧೯೩೫ರಲ್ಲಿಯೂ ಮಾರುಕಟ್ಟೆಗೆ ತಂದಿತು. ಸ್ಟುಡಿಯೋದ ಹಂಗಿಲ್ಲದೆ, ಒಬ್ಬನೇ ಮನುಷ್ಯ, ಹೆಚ್ಚೆಂದರೆ ಗಂಡ ಹೆಂಡಿರಿಬ್ಬರು, ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾದೊಡನೆ ಹೊರಟು ಒಂದು ದೇಶವನ್ನು ಬಣ್ಣದಲ್ಲಿ ಹಿಡಿದು ತರಬಹುದಾಯಿತು. ಡೆಟ್ರಾಯಿಟ್ ನಗರದ ಕಲಾಸಂಗ್ರಹಾಲಯದಲ್ಲಿ ಜಾರ್ಜ್ ಪಿಯರೋ ಎಂಬವರು ೧೯೩೦ರ ದಶಕದಲ್ಲಿ ಆರಂಭಿಸಿದ ‘ವರ್ಲ್ಡ್ ಅಡ್ವೆಂಚರ್ ಸೀರೀಸ್’ ದಶಕಗಳ ಕಾಲ ನಡೆಯಿತು. ಮುಂದೆ ಅವರು ಇದೇ ಬಗೆಯ ಕಾರ್ಯಕ್ರಮವನ್ನು ಟೆಲಿವಿಷನ್ನಿಗೂ ಕೊಂಡೊಯ್ದರು.

ಈ ಪರಂಪರೆಯ ಮೂಲಪುರುಷನೆಂದರೆ ಷಿಕಾಗೋ ನಗರದ ಬರ್ಟನ್ ಹೋಮ್ಸ್. ೧೮೭೦ರಲ್ಲಿ ಹುಟ್ಟಿ ೧೯೫೮ರಲ್ಲಿ ತೀರಿಕೊಂಡ ಈತ ತನ್ನ ಬಾಳಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪ್ರವಾಸ ಉಪನ್ಯಾಸಗಳನ್ನು ಕೊಟ್ಟ. ಬೇಸಿಗೆಯಲ್ಲಿ ಸಂಚಾರ, ಚಳಿಗಾಲದಲ್ಲಿ ಉಪನ್ಯಾಸ. ನ್ಯೂಯಾರ್ಕಿನ ಕಾರ್ನೆಗಿ ಹಾಲ್, ಬಾಸ್ಟನ್ನಿನ ಸಿಂಫನಿ ಹಾಲ್‌ಗಳಂಥ ದೊಡ್ಡ ಸಭಾಂಗಣಗಳಲ್ಲಿ, ಔತಣಕ್ಕೆ ಹೊರಟವನಂತೆ ಶಿಸ್ತಾದ ಉಡುಪಿನಲ್ಲಿ ನಿಂತು ಮಾತನಾಡುತ್ತಿದ್ದ. ಮೊದಮೊದಲು ಗಾಜಿನ ಮೇಲಿನ ಛಾಯಾಚಿತ್ರಗಳಿಗೆ ಕೈಯಿಂದ ಬಣ್ಣ ಹಚ್ಚಿಸಿ ದೀಪದಿಂದ ಪರದೆಯ ಮೇಲೆ ತೋರಿಸುತ್ತಿದ್ದವನು, ೧೮೯೭ರಿಂದ ಚಲಿಸುವ ಚಿತ್ರಗಳನ್ನೂ ಬಳಸತೊಡಗಿದ. ಇಂಗ್ಲಿಷಿನಲ್ಲಿ ಇಂದು ಎಲ್ಲರ ಬಾಯಲ್ಲಿರುವ ‘ಟ್ರಾವೆಲಾಗ್’ ಎಂಬ ಮಾತನ್ನು ರೂಢಿಗೆ ತಂದ ಕೀರ್ತಿ ಈತನಿಗೇ ಸಲ್ಲುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹೋಮ್ಸನ ಮೊದಲ ಉಪನ್ಯಾಸ ಯಾವ ವ್ಯಾಪಾರಿ ಮನಸ್ಸಿನಿಂದಲೂ ನಡೆದದ್ದಲ್ಲ. ತಾನು ಸದಸ್ಯನಾಗಿದ್ದ ಷಿಕಾಗೋದ ಕ್ಯಾಮೆರಾ ಕ್ಲಬ್ಬಿಗೆ ನಾಲ್ಕು ಕಾಸು ಕೂಡಿಸುವುದಕ್ಕಾಗಿ ನಡೆದದ್ದು. ಸಂಘಗಳ ಖಜಾಂಚಿಗಳ ಪಾಡು ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ಒಂದೇ ಎಂದು ನಮ್ಮ ವಾಚಕರು ನಕ್ಕರೆ ತಪ್ಪಿಲ್ಲ.

ಸಿನಿಮಾ ಹುಟ್ಟಿದ್ದೇ ಒಂದು ಬಗೆಯಲ್ಲಿ ಪ್ರವಾಸಚಿತ್ರವಾಗಿ ಎಂದರೂ ಸಲ್ಲುತ್ತದೆ. ಫ್ರಾನ್ಸಿನ ಲೂಮಿಯೇರ್ ಸೋದರರು ತಮ್ಮ ಕ್ಯಾಮೆರಾದವರನ್ನು ದೇಶದೇಶಗಳಿಗೆ ಕಳುಹಿಸಿ ಅಲ್ಲಿನ ದೃಶ್ಯಗಳನ್ನು ತರಿಸಿದರು. ನಮ್ಮ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ, ಈಗ ಎಸ್‌ಪ್ಲನೇಡ್ ಮ್ಯಾನ್ಶನ್ ಎಂದು ಕರೆಯುವ ಕಟ್ಟಡದಲ್ಲಿ, ೧೮೯೬ರ ಜುಲೈ ೭ರಂದು ಭಾರತದ ಮೊದಲ ಚಲಚ್ಚಿತ್ರ ಪ್ರದರ್ಶನ ನಡೆದಾಗ ಕಂಡದ್ದೂ ಕಥೆಯಲ್ಲ. ರೈಲೊಂದು ನಿಲ್ದಾಣಕ್ಕೆ ಬಂದು ನಿಲ್ಲುವುದು, ಜನ ಕಾರ್ಖಾನೆಯಿಂದ ಹೊರಬರುವುದು, ಇಂಥವೇ. ಮತ್ತೊಬ್ಬರ ಊರಿನಲ್ಲಿ ನಡೆಯುವ ಸಾಮಾನ್ಯ ಸಂಗತಿಯೇ ನಮಗೆ ನೋಟವಾಯಿತು. ೧೯೦೫ರ ಸುಮಾರಿಗೆ ಅಮೆರಿಕದಲ್ಲಿ ಜಾರ್ಜ್ ಹೇಲ್ ಎಂಬಾತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೈಲುಡಬ್ಬಿಯಂತೆಯೇ ಕಟ್ಟಿದ ಕೋಣೆಯಲ್ಲಿ ಪ್ರೇಕ್ಷಕರನ್ನು ಕೂರಿಸಿ, ಓಡುವ ರೈಲಿನಿಂದ ತೆಗೆದ ಚಿತ್ರವನ್ನು ಎದುರಿಗೆ ತೋರಿಸುತ್ತ, ಡಬ್ಬಿಯನ್ನೇ ಅಲುಗಾಡಿಸುತ್ತಿದ್ದ. ಜಾತ್ರೆಯಲ್ಲಿ ಕಣ್ಣಿಟ್ಟು ನೋಡುವ ಚಿತ್ರಗಳ ಪೆಟ್ಟಿಗೆಗೆ ನಾವು ಬಾಲ್ಯದಲ್ಲಿ ಮುಗಿಬೀಳುತ್ತಿದ್ದ ಆಸೆಯೂ ಇದೇ ಜಾತಿಯದು.

ಇನ್ನು ಗುಣದೋಷಗಳ ಮಾತಿಗೆ ಬರೋಣ. ಈ ಸಾಮೂಹಿಕ ಮಾಲೆಗಳ ದೊಡ್ಡ ಗುಣ ಚಿತ್ರದಲ್ಲಿ ಇದ್ದದ್ದಕ್ಕಿಂತ ಹೆಚ್ಚಾಗಿ ಚಿತ್ರದ ಪಕ್ಕದಲ್ಲಿ ನಿಂತ ಮನುಷ್ಯನಲ್ಲಿತ್ತು ಎಂಬುದು ನನ್ನ ಅಭಿಪ್ರಾಯ. ನಮ್ಮ ಹರಿಕಥೆಯ ದಾಸರನ್ನು ನೆನೆಯಿರಿ. ಕಥೆ ಎಲ್ಲರಿಗೂ ಗೊತ್ತಿರುವುದೇ. ಆದರೆ ದಾಸರು ಸಭೆಯ ಮುಖ ನೋಡಿ ಕಥೆಯನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಮುಂದಿನ ಸಾಲಿನಲ್ಲಿ ತೂಕಡಿಸುವ ರಾಯರನ್ನು ಒಂದು ಉಪಕಥೆಯಿಂದ ಎಬ್ಬಿಸುತ್ತಾರೆ. ಪರದೆಯ ಪಕ್ಕದಲ್ಲಿ ನಿಂತು ಮಾತನಾಡುವವನೂ ಹಾಗೆಯೇ. ಅವನು ಎದುರಿಗಿದ್ದಾನೆ, ಅವನನ್ನು ಕೇಳಬಹುದು, ತಡೆಯಬಹುದು. ಬರುವ ವರ್ಷ ಅದೇ ಊರಿಗೆ ಮರಳಿ ಬರಬೇಕಾದವನು ಆದ್ದರಿಂದ ಆಡಿದ ಮಾತಿಗೆ ಹೊಣೆಯಿದೆ. ಡೆಟ್ರಾಯಿಟಿನಂಥ ನಗರದಲ್ಲಿ ಪೋಲೆಂಡಿನಿಂದ ವಲಸೆ ಬಂದ ಕುಟುಂಬಗಳು ಬಹಳ. ಅಂಥವರು ಕುಳಿತ ಸಭೆಯಲ್ಲಿ ಪೋಲೆಂಡಿನ ವಿಚಾರವಾಗಿ ಹಗುರವಾಗಿ ಮಾತನಾಡಿ ಪಾರಾಗುವುದು ಯಾರಿಗೂ ಸುಲಭವಲ್ಲ.

ಈ ಮನುಷ್ಯನನ್ನು ತೆಗೆದುಹಾಕಿ ಅವನ ಧ್ವನಿಯನ್ನು ಮಾತ್ರ ಫಿಲ್ಮಿನ ಅಂಚಿಗೆ ಅಂಟಿಸಿದಾಗ ಏನಾಗುತ್ತದೆಂಬುದಕ್ಕೆ ಹಾಲಿವುಡ್ಡಿನಲ್ಲಿಯೇ ಉದಾಹರಣೆಯಿದೆ. ಎಂ.ಜಿ.ಎಂ. ಕಂಪನಿಗಾಗಿ ಜೇಮ್ಸ್ ಫಿಟ್ಜ್‌ಪ್ಯಾಟ್ರಿಕ್ ಎಂಬಾತ ೧೯೩೦ರಿಂದ ೧೯೫೪ರವರೆಗೆ ‘ಟ್ರಾವೆಲ್‌ಟಾಕ್ಸ್’ ಎಂಬ ಕಿರುಚಿತ್ರಗಳ ಮಾಲೆಯನ್ನು ನಡೆಸಿದ. ದೊಡ್ಡ ಚಿತ್ರಕ್ಕೆ ಮುಂಚೆ ಹತ್ತು ನಿಮಿಷ ತೋರಿಸುವ ಸರಕು ಇದು. ಟೆಕ್ನಿಕಲರ್ ಬಣ್ಣಗಳು ಸೊಗಸಾಗಿವೆ. ಇಂದಿಗೆ ಅಳಿದುಹೋದ ಎಷ್ಟೋ ಬೀದಿಗಳು, ಉಡುಪುಗಳು ಅವುಗಳಲ್ಲಿ ಉಳಿದುಕೊಂಡಿವೆ. ದಾಖಲೆಯಾಗಿ ಅವುಗಳ ಬೆಲೆ ಕಡಿಮೆಯದಲ್ಲ. ೧೯೩೮ರಲ್ಲಿ ಜಯಪುರದ ಮೇಲೂ ಒಂದು ಚಿತ್ರ ಬಂತು. ಆದರೆ ಧ್ವನಿ ಮಾತ್ರ ಎಲ್ಲ ದೇಶಕ್ಕೂ ಒಂದೇ. ಎಲ್ಲ ಊರೂ ಸುಂದರ, ಎಲ್ಲ ಜನರೂ ಸಂತೃಪ್ತರು, ಕೊನೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಒಲ್ಲದ ಮನಸ್ಸಿನಿಂದ ಬೀಳ್ಕೊಡುವುದು. ಆ ಬೀಳ್ಕೊಡುಗೆ ಎಷ್ಟು ಪ್ರಸಿದ್ಧವಾಯಿತೆಂದರೆ ಅದು ಹಾಸ್ಯಗಾರರ ಆಸ್ತಿಯಾಯಿತು. ಇಂಗ್ಲೆಂಡಿನಲ್ಲಿ ಪೀಟರ್ ಸೆಲ್ಲರ್ಸ್ ಲಂಡನ್ನಿನ ಬ್ಯಾಲಮ್ ಎಂಬ ತೀರ ಸಾಧಾರಣ ಬಡಾವಣೆಯನ್ನು ಇದೇ ಧಾಟಿಯಲ್ಲಿ ವರ್ಣಿಸಿ ಜನರನ್ನು ನಗಿಸಿದ.

ಈ ಧಾಟಿಯ ಕೊರತೆ ಏನೆಂದು ತಿಳಿಯಬೇಕಾದರೆ ಅದನ್ನು ನಮಗೆ ಚೆನ್ನಾಗಿ ಗೊತ್ತಿರುವ ಊರಿಗೆ ಹಚ್ಚಿ ನೋಡಬೇಕು. ಡೊಂಬಿವಲಿಯನ್ನೇ ತೆಗೆದುಕೊಳ್ಳೋಣ: “ಮುಂಜಾವಿನ ಹೊಂಬೆಳಕಿನಲ್ಲಿ ಕಣ್ಣು ತೆರೆಯುತ್ತಿರುವ ಈ ರಮ್ಯ ಪಟ್ಟಣದ ಜನರು ಶ್ರಮಜೀವಿಗಳು, ಸಂಗೀತಪ್ರಿಯರು. ಸೂರ್ಯನು ಮೇಲೇರುವ ಮುನ್ನವೇ ಸಾವಿರಾರು ಯಾತ್ರಿಕರು ಕೈಯಲ್ಲಿ ಬುತ್ತಿ ಹಿಡಿದು ತಮ್ಮ ಪ್ರೀತಿಯ ಉಕ್ಕಿನ ರಥದ ಕಡೆಗೆ ಧಾವಿಸುತ್ತಾರೆ. ರಥದೊಳಗೆ ತಾಳ ಕುಟ್ಟುತ್ತ ದೇವರ ನಾಮ ಹಾಡುವ ಇವರ ಆನಂದವನ್ನು ನೋಡಿರಿ! ಸಂಜೆ ಇದೇ ಭಕ್ತರು ಮುಗುಳ್ನಗೆಯೊಡನೆ ಮನೆಗೆ ಮರಳುತ್ತಾರೆ.”

ಇದರಲ್ಲಿ ಹುಡುಕಿದರೂ ಒಂದು ಸುಳ್ಳು ಸಂಗತಿ ಸಿಕ್ಕುವುದಿಲ್ಲ. ಬುತ್ತಿಯೂ ನಿಜ, ಲೋಕಲ್ ಗಾಡಿಯ ಭಜನೆಯೂ ನಿಜ. ಆದರೂ ಬೆಳಗಿನ ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ ಒಂಟಿಕಾಲಿನಲ್ಲಿ ನೇತಾಡಿದವನು ಇದನ್ನು ಕೇಳಿದರೆ ನಗುತ್ತಾನೆ, ಇಲ್ಲವೆ ಸಿಟ್ಟಾಗುತ್ತಾನೆ. ಸಂಗತಿಗಳೆಲ್ಲ ನಿಜವಾಗಿದ್ದೂ ಚಿತ್ರ ಸುಳ್ಳಾಗುವುದು ಹೀಗೆ. ಹಾಗಾದರೆ ಪ್ರವಾಸಚಿತ್ರವನ್ನು ಒರೆಗೆ ಹಚ್ಚುವ ಕಲ್ಲು ಯಾವುದು? ನನಗೆ ತೋರುವುದು ಇಷ್ಟು: ಪರದೆಯ ಮೇಲೆ ಕಾಣಿಸಿಕೊಂಡವನು ಆ ಸಭೆಯಲ್ಲಿಯೇ ಕುಳಿತಿದ್ದರೆ ಏನೆನ್ನುತ್ತಿದ್ದ? ಈ ಪ್ರಶ್ನೆಯ ಮುಂದೆ ನಿಂತು ಬದುಕಿಕೊಂಡ ಚಿತ್ರ ಒಳ್ಳೆಯದು. ಉಳಿದವು ಬಣ್ಣದ ಅಂಚೆಕಾರ್ಡುಗಳು.

ಇದಕ್ಕೆ ಮಾತ್ರ ಇನ್ನೊಂದು ಮಗ್ಗುಲಿದೆ. ಫ್ರಾನ್ಸಿನ ನಿರ್ದೇಶಕ ಲೂಯಿ ಮಾಲ್ ೧೯೬೮ರಲ್ಲಿ ಇಬ್ಬರೇ ಸಹಾಯಕರೊಡನೆ ಭಾರತದಲ್ಲಿ ತಿಂಗಳುಗಟ್ಟಲೆ ತಿರುಗಿ ‘ಫ್ಯಾಂಟಮ್ ಇಂಡಿಯಾ’ ಎಂಬ ಏಳು ಕಂತುಗಳ ಚಿತ್ರ ತೆಗೆದ. ಮದ್ರಾಸಿನ ಮೇಲೆ ಒಂದು ಕಂತು, ಮುಂಬಯಿಯ ಮೇಲೆ ಒಂದು ಕಂತು ಅದರಲ್ಲಿವೆ. ಸೂರ್ಯಾಸ್ತದ ಸವಿಮಾತು ಅಲ್ಲಿಲ್ಲ. ಕ್ಯಾಮೆರಾವನ್ನು ದಿಟ್ಟಿಸಿ ನೋಡುವ ಜನರ ಕಣ್ಣುಗಳಿವೆ. ನಾನು ಇವರನ್ನು ಹೀಗೆ ಚಿತ್ರಿಸುವುದು ಸರಿಯೇ ಎಂಬ ಅಳುಕು ನಿರ್ದೇಶಕನ ಧ್ವನಿಯಲ್ಲಿಯೇ ಇದೆ. ಮೊದಲ ಕಂತಿನ ಹೆಸರೇ ‘ಅಸಾಧ್ಯ ಕ್ಯಾಮೆರಾ’ ಎಂಬ ಅರ್ಥದ್ದು. ೧೯೭೦ರಲ್ಲಿ ಬಿ.ಬಿ.ಸಿ. ಇದನ್ನು ಪ್ರಸಾರ ಮಾಡಿದಾಗ, ಬಡತನವನ್ನೇ ತೋರಿಸಿದ್ದಾರೆಂದು ನಮ್ಮ ಸರಕಾರ ಸಿಟ್ಟಾಯಿತು, ದಿಲ್ಲಿಯ ಬಿ.ಬಿ.ಸಿ. ಕಚೇರಿ ಮುಚ್ಚಬೇಕಾಗಿ ಬಂತು.

ಮಾಲ್ ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಇಲ್ಲಿನ ಜನರ ಮಾತಿಗಿಂತ ಅವನ ಮಾತೇ ಹೆಚ್ಚು ಕೇಳಿಸುತ್ತದೆ. ನಮ್ಮನ್ನು ನೋಡಿ ಅವನಿಗೆ ಏನನ್ನಿಸಿತೆಂಬುದು ತಿಳಿಯುತ್ತದೆ. ನಮಗೆ ಏನನ್ನಿಸಿತೆಂಬುದು ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಅಂದಿನ ನಮ್ಮ ಸಿಟ್ಟಿನಲ್ಲಿಯೂ ಒಂದು ವಿಚಿತ್ರವಿತ್ತು. ಪರದೇಶದ ಚಿತ್ರಗಳಲ್ಲಿ ಬರಿಯ ಹೂದೋಟ ಕಾರಂಜಿಗಳನ್ನು ಕಂಡು ನಲಿಯುವ ನಾವು, ನಮ್ಮ ಮನೆಯ ಸರದಿ ಬಂದಾಗಲೂ ಹೂದೋಟವನ್ನೇ ತೋರಿಸಬೇಕೆಂದು ಹಟ ಹಿಡಿಯುತ್ತೇವೆ. ಅಂದರೆ, ಸವಿಮಾತಿನ ಪ್ರವಾಸಚಿತ್ರ ಹೊರಗಿನವನೊಬ್ಬನ ತಪ್ಪು ಮಾತ್ರವಲ್ಲ. ಅದರ ಗಿರಾಕಿಗಳಲ್ಲಿ ಒಳಗಿನವರೂ ಇದ್ದಾರೆ.

ನಡುದಾರಿಯೊಂದು ಇಲ್ಲವೇ? ಇದೆ, ಮತ್ತು ಕನ್ನಡಿಗರಿಗೆ ಅದು ಪುಸ್ತಕಗಳಲ್ಲಿ ಆಗಲೇ ದೊರೆತಿದೆ. ಚಿತ್ರ ತೆಗೆಯುವವರಿಗೆ ನಮ್ಮ ಪ್ರವಾಸ ಸಾಹಿತ್ಯವನ್ನು ಓದಿಸಬೇಕೆಂದು ನಾನು ಹೇಳುವುದು ಇದಕ್ಕೇ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಕೇಂದ್ರ ಸಾಹಿತ್ಯ ಅಕಾಡೆಮಿಯ ೧೯೮೦ರ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’, ಇವುಗಳನ್ನು ಓದುವಾಗ ನೋಡುತ್ತಿರುವವರು ಯಾರೆಂಬುದು ನಮಗೆ ಒಂದು ಕ್ಷಣವೂ ಮರೆಯುವುದಿಲ್ಲ. ಗೊರೂರರ ಪುಸ್ತಕದ ಹೆಸರನ್ನೇ ನೋಡಿ. ಅಮೆರಿಕಕ್ಕೆ ಹೋದದ್ದು ಒಬ್ಬ ಲೇಖಕ ಮಾತ್ರವಲ್ಲ, ಹೇಮಾವತಿಯ ದಡದ ಒಂದು ಊರೇ ಜೊತೆಗೆ ಹೋದಂತಿದೆ. ಆ ಊರಿನ ಅಳತೆಗೋಲಿನಿಂದಲೇ ಅವರು ಅಮೆರಿಕವನ್ನು ಅಳೆಯುತ್ತಾರೆ, ಅಳತೆಗೋಲನ್ನು ಬಚ್ಚಿಡುವುದಿಲ್ಲ. ಕಾರಂತರಂತೂ ಮೆಚ್ಚಿದ್ದನ್ನು ಮೆಚ್ಚಿದೆ ಎನ್ನುತ್ತಾರೆ, ಸೇರದ್ದನ್ನು ಸೇರಲಿಲ್ಲ ಎನ್ನುತ್ತಾರೆ. ನೋಡುವವನ ಮುಖ ಕಾಣುವುದರಿಂದ ಅವನ ಮಾತನ್ನು ಎಷ್ಟು ನಂಬಬೇಕೆಂದು ನಾವೇ ತೀರ್ಮಾನಿಸಬಹುದು. ಪರದೆಯ ಪಕ್ಕದಲ್ಲಿ ನಿಂತ ಉಪನ್ಯಾಸಕಾರನಿಂದ ದೊರೆಯುತ್ತಿದ್ದ ಲಾಭವೂ ಇದೇ.

ಆ ಅಮೆರಿಕನ್ ಮಾಲೆಗಳು ಕ್ರಮೇಣ ಸೊರಗಿದವು. ಮನೆಮನೆಗೆ ಬಣ್ಣದ ಟೆಲಿವಿಷನ್ ಬಂತು. ೧೯೭೦ರಲ್ಲಿ ಜಂಬೋ ಜೆಟ್ ಸಂಚಾರ ಆರಂಭವಾಗಿ ದೂರದೇಶದ ಪ್ರಯಾಣ ಮಧ್ಯಮವರ್ಗದ ಕೈಗೆಟುಕತೊಡಗಿತು. ಆಮೇಲೆ ವಿಡಿಯೋ ಬಂತು. ಸಭಾಂಗಣಗಳಲ್ಲಿ ಉಳಿದವರು ನೆರೆಗೂದಲಿನವರು. ಕೊಡಕ್ರೋಮ್ ಫಿಲ್ಮಿನ ತಯಾರಿಕೆಯನ್ನೇ ಕಂಪನಿ ೨೦೦೯ರಲ್ಲಿ ನಿಲ್ಲಿಸಿತು. ಇಂದು ಪ್ರತಿಯೊಬ್ಬನ ಜೇಬಿನಲ್ಲಿರುವ ಫೋನೇ ಕ್ಯಾಮೆರಾ. ಯುರೋಪ್ ಪ್ರವಾಸ ಮುಗಿಸಿ ಬಂದ ನೆಂಟರ ಮನೆಗೆ ಹೋದರೆ ಕಾಫಿಯ ಜೊತೆಗೆ ಐಫೆಲ್ ಗೋಪುರವೂ ಬರುತ್ತದೆ. ಚಿತ್ರಗಳ ಸಂಖ್ಯೆ ಹೆಚ್ಚಿತು. ಕತ್ತಲೆಯಲ್ಲಿ ಊರಿಗೆ ಊರೇ ಒಟ್ಟಿಗೆ ಕುಳಿತು ನೋಡಿ, ದೀಪ ಹತ್ತಿದ ಮೇಲೆ ಎದ್ದು ನಿಂತು ಪ್ರಶ್ನೆ ಕೇಳುವುದು ಮಾತ್ರ ಕಡಿಮೆಯಾಯಿತು. ನಷ್ಟವಾದದ್ದು ಅದು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಗರಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕರ್ನಾಟಕವನ್ನು ಅರಿಯುವುದು ಹೇಗೆ? ಬೇಸಿಗೆ ರಜೆಯ ಹತ್ತು ದಿನಗಳು, ಒಂದು ಮದುವೆ ಅಥವಾ ಉಪನಯನ, ಉಳಿದದ್ದೆಲ್ಲ ಚಿತ್ರಗಳು. ಸಂಘಗಳ ರಾಜ್ಯೋತ್ಸವ ಸಮಾರಂಭಗಳಲ್ಲಿಯೂ ತೋರಿಸುವ ಚಿತ್ರಗಳ ಪಟ್ಟಿ ಬಹುಮಟ್ಟಿಗೆ ಒಂದೇ: ದೀಪಗಳಿಂದ ಬೆಳಗುವ ಮೈಸೂರು ಅರಮನೆ, ಬೇಲೂರಿನ ಶಿಲಾಬಾಲಿಕೆಯರು, ಹಂಪೆಯ ಕಲ್ಲಿನ ರಥ, ಧುಮ್ಮಿಕ್ಕುವ ಜೋಗ. ಹಿನ್ನೆಲೆಗೆ ಕೊಳಲು. ನೋಡಿದರೆ ಎದೆ ತುಂಬುತ್ತದೆ, ಇಲ್ಲವೆನ್ನಲಾರೆ. ಆದರೆ ಇದು ಫಿಟ್ಜ್‌ಪ್ಯಾಟ್ರಿಕ್ ಧಾಟಿಯೇ ಅಲ್ಲವೇ? ವ್ಯತ್ಯಾಸವೆಂದರೆ, ಇಲ್ಲಿ ತೆಗೆದವರೂ ನಾವೇ, ನೋಡುವವರೂ ನಾವೇ.

ಜೋಗವೊಂದನ್ನೇ ವಿಚಾರಿಸಿ. ಸುಮಾರು ೨೫೩ ಮೀಟರ್ ಎತ್ತರದಿಂದ ಬೀಳುವ ಶರಾವತಿಯ ಆ ದೃಶ್ಯವನ್ನು ಮಳೆಗಾಲದಲ್ಲಿ ತೆಗೆಯುತ್ತಾರೆ. ಮೇಲ್ಗಡೆ ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನದಿಯ ನೀರಿನ ಬಹುಪಾಲು ವಿದ್ಯುತ್ತಿಗೆ ಹೋಗುತ್ತದೆಂದೂ, ಬೇಸಿಗೆಯಲ್ಲಿ ಹೋದರೆ ಕಾಣುವುದು ಬಹುಮಟ್ಟಿಗೆ ಬಂಡೆಯೆಂದೂ ಚಿತ್ರ ಹೇಳುವುದಿಲ್ಲ. ಆ ಅಣೆಕಟ್ಟಿನ ಹಿನ್ನೀರಿನಡಿ ಊರುಗಳು, ಗದ್ದೆ ತೋಟಗಳು ಮುಳುಗಿದವು. ಮನೆಮಾರು ಕಳೆದುಕೊಂಡ ಕುಟುಂಬಗಳು ಬೇರೆಡೆ ಬದುಕು ಕಟ್ಟಿಕೊಳ್ಳಬೇಕಾಯಿತು. ಇದೇ ಮುಳುಗಡೆಯ ಅನುಭವದಿಂದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ೨೦೦೨ರಲ್ಲಿ ಚಲಚ್ಚಿತ್ರವಾಗಿಸಿ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಪಡೆದರು. ಮಲೆನಾಡಿನ ಮಳೆ, ಹಸಿರು, ನೀರು ಆ ಚಿತ್ರದಲ್ಲಿಯೂ ಕಣ್ತುಂಬ ಇವೆ. ಪ್ರವಾಸಚಿತ್ರಕ್ಕಿಂತ ಒಂದು ಗುಂಜಿ ಕಡಿಮೆಯಿಲ್ಲ. ಆದರೆ ಏರುತ್ತಿರುವ ನೀರನ್ನು ಅಲ್ಲಿ ಮನೆಯೊಳಗಿನಿಂದ ನೋಡುತ್ತೇವೆ. ಆ ನೀರು ಬರಿಯ ನೋಟವಾಗಿ ಉಳಿಯುವುದಿಲ್ಲ.

ಮಕ್ಕಳಿಗೆ ಜೋಗದ ಸೊಬಗನ್ನು ತೋರಿಸಲೇಬಾರದೆಂದು ಯಾರೂ ಅರ್ಥಮಾಡಬಾರದು. ಸೊಬಗನ್ನು ತೋರಿಸಬೇಕು, ಅದರ ಜೊತೆಗೆ ಅಲ್ಲಿ ಬದುಕಿದವರ ಮಾತೂ ಕೇಳಿಸಬೇಕು. ಬರಿಯ ಸೊಬಗನ್ನು ಉಣಿಸಿದರೆ ಮಕ್ಕಳಿಗೆ ನಾಡು ಒಂದು ಪ್ರೇಕ್ಷಣೀಯ ಸ್ಥಳವಾಗಿ ಉಳಿಯುತ್ತದೆ. ಒಮ್ಮೆ ನೋಡಿ ಬಂದರೆ ಮುಗಿಯಿತು. ನಾಡು ನೆಂಟಸ್ತಿಕೆಯಾಗಬೇಕಾದರೆ ಅದರ ಸಂಕಟಗಳೂ ಸ್ವಲ್ಪ ಗೊತ್ತಿರಬೇಕು. ಅತ್ತೆಯ ಮನೆಯಲ್ಲಿ ಹಬ್ಬದೂಟ ಮಾತ್ರ ಉಂಡವರಿಗೆ ಆ ಮನೆ ಗೊತ್ತಿದೆಯೆಂದು ಹೇಳಲಾದೀತೇ?

ಆದಕಾರಣ ನನ್ನದೊಂದು ಸೂಚನೆ. ಆ ಅಮೆರಿಕನ್ ಸಂಸ್ಥೆಗಳ ಪದ್ಧತಿಯನ್ನು, ಅದರ ಸವಿಮಾತನ್ನು ಬಿಟ್ಟು, ನಮ್ಮ ಸಂಘಗಳು ಏಕೆ ಕೈಗೆತ್ತಿಕೊಳ್ಳಬಾರದು? ಸಭಾಂಗಣವಿದೆ, ಪರದೆಯಿದೆ, ಚಿತ್ರಗಳಿಗಂತೂ ಬರವಿಲ್ಲ. ತಿಂಗಳಿಗೊಂದು ಸಂಜೆ, ಒಂದು ಊರು. ಕಟ್ಟಳೆಗಳು ಮೂರೇ ಸಾಕು. ಮೊದಲನೆಯದು, ಚಿತ್ರ ತೆಗೆದವರು ಪರದೆಯ ಪಕ್ಕದಲ್ಲಿ ನಿಂತು ತಾವೇ ಮಾತನಾಡಬೇಕು; ಎರವಲು ಧ್ವನಿಯೂ ಕೊಳಲೂ ಬೇಡ. ಎರಡನೆಯದು, ಆ ಊರಿನವರೊಬ್ಬರಾದರೂ ಸಭೆಯಲ್ಲಿ ಇರಬೇಕು, ಅವರಿಗೆ ಮಾತನಾಡಲು ಕಾಲು ಗಂಟೆಯಾದರೂ ಸಿಗಬೇಕು. ಮೂರನೆಯದು, ಮೊದಲ ಪ್ರಶ್ನೆ ಮಕ್ಕಳದು.

ಎರಡನೆಯ ಕಟ್ಟಳೆ ಬೇರೆಡೆ ಕಷ್ಟವಾದೀತು. ಮುಂಬಯಿಯಂಥ ನಗರದಲ್ಲಿ ಬಹಳ ಸುಲಭ. ಕೇರಳದ ಚಿತ್ರ ತೋರಿಸುವ ದಿನ ಎದುರು ಮನೆಯ ಮಲಯಾಳಿಗಳನ್ನು ಕರೆಯಿರಿ. ಕೊಂಕಣದ ಚಿತ್ರವಾದರೆ ರತ್ನಾಗಿರಿಯ ಕಡೆಯವರು ನಮ್ಮ ಕಟ್ಟಡದಲ್ಲಿಯೇ ಇದ್ದಾರು. ಶರಾವತಿಯ ಚಿತ್ರದ ದಿನ ಸಾಗರದ ಕಡೆಯ ಅಜ್ಜಿಯೊಬ್ಬರನ್ನು ಹುಡುಕಿ ಕರೆತನ್ನಿ. ಪರದೆಯ ಮೇಲೆ ಜಲಪಾತ ಧುಮ್ಮಿಕ್ಕಿ ಮುಗಿದ ಮೇಲೆ, “ಅಜ್ಜೀ, ನಿಮ್ಮ ಮನೆ ಇದರಲ್ಲಿ ಎಲ್ಲಿ ಬರುತ್ತದೆ?” ಎಂದು ಒಂದು ಮಗು ಕೇಳಲಿ. ಆ ಉತ್ತರವನ್ನು ಕೊಡುವ ಚಿತ್ರ ಇನ್ನೂ ಅಂಗಡಿಯಲ್ಲಿ ಸಿಗುತ್ತಿಲ್ಲ. ಸಿಗುವುದಾದರೆ ಅದು ನಮ್ಮ ಸಭಾಂಗಣಗಳಲ್ಲಿಯೇ.